ಸರ್ಕಾರ ಮನೆ ಕೊಟ್ರೆ ಕಾಯಿಲೆ ಕಮ್ಮಿ ಆಗತ್ತಾ? ಅಳೆಯೋದು ಹೇಗೆ?

ಓದುಗರ ಪ್ರಶ್ನೆ: ಬಡವರಿಗೆ ಮನೆ ಕೊಟ್ರೆ ಅವರ ಆರೋಗ್ಯ ಸುಧಾರಿಸತ್ತೆ ಅಂತಾರಲ್ಲ, ಅದು ಮನೆಯಿಂದಾನೇ ಆಗಿದ್ದು ಅಂತ ಗೊತ್ತಾಗೋದು ಹೇಗೆ?

ಸುಮ್ನೆ ನೋಡಿದ್ರೆ ಗೊತ್ತಾಗಲ್ಲ. ತಾರಸಿ ಮನೆಯವರಿಗೆ ಕಾಯಿಲೆ ಕಮ್ಮಿ ಇರಬಹುದು, ಆದ್ರೆ ಅವರ ಹತ್ರ ದುಡ್ಡೂ ಇರತ್ತೆ, ಗ್ಯಾಸ್ ಒಲೆ ಇರತ್ತೆ, ಮಗುಗೆ ಜ್ವರ ಬಂದ್ರೆ ಅವತ್ತೇ ಡಾಕ್ಟರ್ ಹತ್ರ ಹೋಗ್ತಾರೆ, ಇದ್ರಲ್ಲಿ ಮನೆ ಪಾಲೆಷ್ಟು ಅಂತ ಹೇಗೆ ಬಿಡಿಸ್ತೀರಾ? ಬೇಕಾಗಿರೋದು ಮಿಕ್ಕಿದ್ದೆಲ್ಲ ಒಂದೇ ಥರ ಇದ್ದು ಮನೆ ಒಂದೇ ಬೇರೆ ಆಗಿರೋ ಜನ.

ಅಂಥ ಜನ ಮೆಕ್ಸಿಕೋದಲ್ಲಿ ಸಿಕ್ಕಿದ್ರು. ಅಲ್ಲಿ ಕೊವಾಹುಯಿಲಾ ಅನ್ನೋ ರಾಜ್ಯ 2000ರಲ್ಲಿ 'ಪೀಸೊ ಫಿರ್ಮೆ' ಅಂತ ಒಂದು ಯೋಜನೆ ಶುರು ಮಾಡ್ತು, ಅಂದ್ರೆ ಗಟ್ಟಿ ನೆಲ. ಹೊಸ ಮನೆ ಏನಿಲ್ಲ, ಇರೋ ಮನೆಯ ಮಣ್ಣು ನೆಲಕ್ಕೆ ಕಾಂಕ್ರೀಟ್, ಗರಿಷ್ಠ 50 ಚದರ ಮೀಟರ್, ನಮ್ಮ ಮೇಸ್ತ್ರಿ ಲೆಕ್ಕದಲ್ಲಿ ಸುಮಾರು ಐದೂವರೆ ಚದರ. ಲಾರಿ ಬಂದು ಕಲಸಿದ ಕಾಂಕ್ರೀಟ್ ಸುರೀತಿತ್ತು, ಮನೆಯವರು ಮೊದ್ಲೇ ಸಾಮಾನೆಲ್ಲ ಹೊರಗಿಟ್ಟು ನೆಲ ಸಮ ಮಾಡಿಟ್ಕೊಂಡು ಬೇಗ ಬೇಗ ಹರಡ್ಕೋಬೇಕಿತ್ತು. ಒಂದು ಮನೆಗೆ ಸುಮಾರು 150 ಡಾಲರ್ ಖರ್ಚು.

ಆ ರಾಜ್ಯದ ಗಡಿಯಲ್ಲಿರೋ ಊರು ತೊರೆಯೋನ್, ನಾಸಾಸ್ ನದಿ ಆಚೆ ಗೋಮೆಸ್ ಪಲಾಸಿಯೊ. ಅದೇ ಬಿಸಿಲು, ಅದೇ ಥರದ ಕೂಲಿ ಕೆಲಸ, ನೋಡೋಕೆ ಒಂದೇ ಊರು. ಆದ್ರೆ ಆಚೆದು ದುರಾಂಗೊ ರಾಜ್ಯಕ್ಕೆ ಸೇರಿದ್ದು, ಅಲ್ಲಿಗೆ ಆಗ ಈ ಯೋಜನೆ ಇರ್ಲಿಲ್ಲ! ಸಂಶೋಧಕರು 2005ರಲ್ಲಿ ಎರಡೂ ಕಡೆ ಒಂದೇ ಥರದ ಬೀದಿಗಳನ್ನ ಆರಿಸ್ಕೊಂಡು ಆರು ವರ್ಷದೊಳಗಿನ ಮಕ್ಕಳ ಮಲ, ರಕ್ತ ಎರಡನ್ನೂ ಟೆಸ್ಟ್ ಮಾಡಿಸಿದ್ರು. ಮಣ್ಣು ನೆಲ ಪೂರ್ತಿ ಹೋಗಿ ಸಿಮೆಂಟ್ ಆದ ಕಡೆ ಹೊಟ್ಟೆಹುಳ, ಪರಾವಲಂಬಿ ಸೋಂಕು 78%, ಭೇದಿ 49%, ರಕ್ತಹೀನತೆ 81% ಕಮ್ಮಿ ಅಂತ ಅವರ ಲೆಕ್ಕ. ತಾಯಂದಿರ ಮನಸ್ಸಿನ ಒತ್ತಡಾನೂ ಇಳಿದಿತ್ತು.

ಅಂಬೆಗಾಲಿಡೋ ಮಗುನ ಒಂದು ಗಂಟೆ ನೋಡಿ ಸಾಕು, ನೆಲಕ್ಕೆ ಬಿದ್ದ ಮಂಡಕ್ಕಿ ಹೆಕ್ಕಿ ಬಾಯಿಗೆ ಹಾಕ್ಕೊಳತ್ತೆ, ಅದೇ ಮಣ್ಣಲ್ಲಿ ಹುಳದ ಮೊಟ್ಟೆ, ಹುಳ ಹೊಟ್ಟೆ ಸೇರಿದ್ರೆ ರಕ್ತ ಹೋಗತ್ತೆ. ಸಗಣಿ ಸಾರಿಸಿದ ನೆಲದ ಮೇಲೇ ನಾವು ಬೆಳೆದಿಲ್ವಾ ಅಂತ ನಮ್ಮ ಮಾವ ಜಗಳಕ್ಕೆ ಬರ್ತಾರೆ, ಬೆಳೆದ್ರಿ ಸರಿ, ಜಂತುಹುಳದ ಔಷಧಿ ಎಷ್ಟ್ ಸಲ ಕುಡಿದ್ರಿ ಅಂದ್ರೆ ಮಾತು ಬದಲಾಯಿಸ್ತಾರೆ.

ಇನ್ನೊಂದು ದಾರಿ ಲಾಟರಿ. ಅಮೆರಿಕದಲ್ಲಿ 1994ರಿಂದ ಐದು ನಗರಗಳಲ್ಲಿ ಸುಮಾರು 4,600 ಬಡ ಕುಟುಂಬಗಳಿಗೆ ಚೀಟಿ ಎತ್ತಿ, ಕೆಲವರಿಗೆ ಒಳ್ಳೆ ಏರಿಯಾಗೆ ಹೋಗೋಕೆ ಬಾಡಿಗೆ ನೆರವು ಕೊಟ್ರು. ಹತ್ತು ಹದಿನೈದು ವರ್ಷ ಆದ್ಮೇಲೆ ನೋಡಿದ್ರೆ ಗೆದ್ದ ಮನೆಗಳ ಹೆಂಗಸರಲ್ಲಿ ವಿಪರೀತ ಬೊಜ್ಜು, ಸಕ್ಕರೆ ಕಾಯಿಲೆ ಎರಡೂ ಕಮ್ಮಿ.

ಹಾಗಂತ ಮನೆ ಕೊಟ್ಟ ತಕ್ಷಣ ಒಳ್ಳೇದೇ ಆಗತ್ತೆ ಅಂತಿಲ್ಲ. ಮುಂಬೈನ ಗೋವಂಡಿ ಕಡೆ ಸ್ಲಂನಿಂದ ಎತ್ತಿ ಹಾಕಿದವರಿಗೆ ಕಟ್ಟಿದ ಬಿಲ್ಡಿಂಗ್‌ಗಳನ್ನ ನೋಡಿ, ಲಲ್ಲೂಭಾಯಿ ಕಾಂಪೌಂಡ್, ನಟ್ವರ್ ಪಾರೇಖ್ ಕಾಂಪೌಂಡ್‌ನಲ್ಲಿ ಎರಡು ಬಿಲ್ಡಿಂಗ್ ನಡುವೆ ಬರೀ 3 ಮೀಟರ್ ಜಾಗ ಬಿಟ್ಟಿರೋದಿದೆ, ಕೆಳಗಿನ ಮನೆಗಳಿಗೆ ಬಿಸಿಲೂ ಇಲ್ಲ ಗಾಳಿನೂ ಇಲ್ಲ. ಜಾಗ ಬಿಟ್ಟು ಕಟ್ಟಿರೋ ಹತ್ತಿರದ ಪಿಎಂಜಿ ಕಾಲೊನಿಗೆ ಹೋಲಿಸಿದ್ರೆ ಈ ಎರಡರಲ್ಲಿ ಟಿಬಿ ಜಾಸ್ತಿ ಅಂತ ಅಧ್ಯಯನದಲ್ಲಿ ಬಂತು. ಸರ್ಕಾರದ ಫೈಲಲ್ಲಿ ಮಾತ್ರ ಎಲ್ಲವೂ ಪಕ್ಕಾ ಮನೆಗಳೇ.

ಹಾಗಾಗಿ ಯಾರಾದ್ರೂ ಇಷ್ಟು ಲಕ್ಷ ಮನೆ ಕಟ್ಟಿದ್ವಿ, ಜನ ಆರೋಗ್ಯವಾಗಿದಾರೆ ಅಂದ್ರೆ, ಬೀಗದ ಕೈ ಕೊಡೋ ಮುಂಚೆ ಏನು ಅಳೆದಿದ್ರಿ, ಮನೆ ಸಿಗದೇ ಹೋದ ಅರ್ಜಿದಾರರು ಈಗ ಹೇಗಿದಾರೆ, ಇವೆರಡು ಕೇಳಿ. ಸಿಗದೇ ಹೋದವರ ಪಟ್ಟಿ ಅರ್ಜಿ ಕಟ್ಟಿನ ಜೊತೆ ಆಫೀಸಲ್ಲೇ ಎಲ್ಲೋ ಬಿದ್ದಿರತ್ತೆ.