ನೇತ್ರಾವತಿಯ ನೀರು, ದುಪಟ್ಟಾದ ಎಳೆ

5 ಮಿಲಿಮೀಟರ್‌ಗಿಂತ ಚಿಕ್ಕ ಪ್ಲಾಸ್ಟಿಕ್ ಚೂರುಗಳೇ ಮೈಕ್ರೋಪ್ಲಾಸ್ಟಿಕ್. ಇಷ್ಟು ಪಾಠದಲ್ಲೇ ಇದೆ. ಅವನ್ನು ನೀರಿನಿಂದ ಹಿಡಿಯುವುದು ಹೇಗೆ ಅನ್ನುವುದನ್ನು ಮಾತ್ರ ದಡಕ್ಕೆ ಹೋಗಿಯೇ ಕಲಿಯಬೇಕು.

ನಾವು ಕಲಿತದ್ದು ನೇತ್ರಾವತಿಯಲ್ಲಿ, ಮಂಗಳೂರಿನ ಹತ್ತಿರ, ನದಿ ಕಡಲು ಸೇರುವುದಕ್ಕೆ ತುಸು ಮೊದಲು. ಅಲ್ಲಿ ಮೊದಲು ಬರೆದುಕೊಳ್ಳಬೇಕಾದದ್ದು ಉಬ್ಬರವೋ ಇಳಿತವೋ ಅನ್ನುವುದು. ಉಬ್ಬರದಲ್ಲಿ ಕಡಲ ನೀರು ಒಳಗೆ ಬಂದಿರುತ್ತದೆ. ಆಗ ಸಿಕ್ಕ ಚೂರು ನದಿಯದ್ದೇ ಅಂತ ಹೇಳಲು ಬರುವುದಿಲ್ಲ, ಅಲ್ವಾ?

ಸ್ಟೀಲ್ ಬಕೆಟ್‌ನಲ್ಲಿ 10 ಲೀಟರಿನಂತೆ ಹತ್ತು ಸಲ ಮೊಗೆದು, 0.3 ಮಿಲಿಮೀಟರ್ ಕಣ್ಣಿನ ಸ್ಟೀಲ್ ಜರಡಿಗೆ ಸುರಿಯಿರಿ. ಬಕೆಟ್‌ಗೆ ನೈಲಾನ್ ಹಗ್ಗ ಬೇಡ, ತೆಂಗಿನ ನಾರಿನ ಹಗ್ಗ ಕಟ್ಟಿ. ಜರಡಿಯಲ್ಲಿ ಉಳಿದದ್ದನ್ನು ಶುದ್ಧ ನೀರಿನಿಂದ ಗಾಜಿನ ಜಾಡಿಗೆ ತೊಳೆದು ಇಳಿಸಿ. ಸುಮ್ನೆ 36 ಚೂರು ಸಿಕ್ಕಿತು ಅಂದರೆ ಸಾಲದು, 100 ಲೀಟರಿಗೆ 36 ಅನ್ನಬೇಕು. ಜರಡಿ ಕಣ್ಣಿನ ಅಳತೆಯನ್ನೂ ಬರೆಯಿರಿ. ಬಟ್ಟೆಯ ಎಳೆಗಳು ತುಂಬಾ ಸಪೂರ, ನೆಟ್ಟಗೆ ತೂರಿ ಜರಡಿ ದಾಟಿಬಿಡುತ್ತವೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನ್ನಿಸಿದ್ದು ಬ್ಲಾಂಕ್, ಅಂದರೆ ನಮ್ಮಿಂದಲೋ ಗಾಳಿಯಿಂದಲೋ ಬೀಳುವ ಚೂರುಗಳನ್ನು ತೋರಿಸಿಕೊಡುವ ಜಾಡಿ. ಶುದ್ಧ ನೀರು ತುಂಬಿದ ಒಂದು ಜಾಡಿಯನ್ನು ಕೆಲಸ ಮುಗಿಯುವ ತನಕ ಪಕ್ಕದಲ್ಲೇ ಮುಚ್ಚಳ ತೆಗೆದು ಇಡಬೇಕು. ನದಿಯ ನೀರು ಒಂದು ಹನಿಯೂ ಅದಕ್ಕೆ ಬೀಳಬಾರದು. ಆಮೇಲೆ ಉಳಿದ ಜಾಡಿಗಳ ಹಾಗೆಯೇ ಅದನ್ನೂ ಸೋಸಿ ನೋಡಬೇಕು. ನಮ್ಮ ಮೊದಲ ಬ್ಲಾಂಕ್‌ನ ಫಿಲ್ಟರನ್ನು ಮೈಕ್ರೋಸ್ಕೋಪ್ ಕೆಳಗಿಟ್ಟಾಗ ಮೂರು ನೀಲಿ ಎಳೆಗಳು ಕಂಡವು. ಒಂದು ಸುರುಳಿಯಾಗಿ ಬಿದ್ದಿತ್ತು. ಗೆಳತಿಯ ಪಾಲಿಯೆಸ್ಟರ್ ದುಪಟ್ಟಾದ್ದೇ ಬಣ್ಣ. ನದಿಯ ಜಾಡಿಯಲ್ಲೂ ಅದೇ ನೀಲಿ! ಅಂಥ ಎಳೆಗಳನ್ನೆಲ್ಲ ಲೆಕ್ಕದಿಂದ ತೆಗೆದೆವು. ಈಗ ನಾವೆಲ್ಲ ಹತ್ತಿ ಬಟ್ಟೆಯಲ್ಲೇ ಹೋಗುತ್ತೇವೆ. ಗಾಳಿ ನಮ್ಮಿಂದ ಜಾಡಿಯ ಕಡೆ ಬೀಸದ ಹಾಗೆ ನಿಲ್ಲುತ್ತೇವೆ.

ಲ್ಯಾಬಿನಲ್ಲಿ ಎಲೆ, ಪಾಚಿಯ ಚೂರುಗಳನ್ನು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕರಗಿಸುತ್ತಾರೆ. ಮೇಷ್ಟ್ರು ಪಕ್ಕದಲ್ಲಿ ಇಲ್ಲದೆ ಇದನ್ನು ಮಾಡಬೇಡಿ. ನಂತರ ಉಳಿದದ್ದನ್ನು ಗಟ್ಟಿ ಉಪ್ಪುನೀರಿಗೆ ಹಾಕುತ್ತಾರೆ. ಕ್ಯಾರಿಬ್ಯಾಗಿನ ಪಾಲಿಥೀನ್ ಅದರಲ್ಲಿ ತೇಲುತ್ತದೆ, ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ಮುಳುಗುತ್ತದೆ. ಹಾಗಾಗಿ ತಳದಲ್ಲಿ ಉಳಿದದ್ದನ್ನು ಚೆಲ್ಲದೆ ಅದನ್ನೂ ನೋಡಿ.

ಅನುಮಾನ ಬಂದ ಚೂರಿಗೆ ಕಾಸಿದ ಸೂಜಿ ಮುಟ್ಟಿಸಿ. ಹೆಚ್ಚಿನ ಪ್ಲಾಸ್ಟಿಕ್‌ಗಳು ಕರಗುತ್ತವೆ, ಇಲ್ಲವೇ ಮುದುರುತ್ತವೆ. ಯಾವ ಪ್ಲಾಸ್ಟಿಕ್ ಅಂತ ಖಚಿತವಾಗಿ ಹೇಳಲು ಎಫ್‌ಟಿಐಆರ್‌ನಂಥ ಇನ್ಫ್ರಾರೆಡ್ ಬೆಳಕಿನಿಂದ ವಸ್ತುವನ್ನು ಗುರುತಿಸುವ ಯಂತ್ರ ಬೇಕು. ಅದು ಸಿಗದಿದ್ದರೆ ವರದಿಯಲ್ಲಿ 'ಶಂಕಿತ ಮೈಕ್ರೋಪ್ಲಾಸ್ಟಿಕ್' ಅಂತಲೇ ಬರೆಯಿರಿ.