ಮೈಸೂರಿನಿಂದ ಬೆಂಗಳೂರಿಗೆ ಎತ್ತಿನ ಗಾಡಿಯಲ್ಲಿ ಎಷ್ಟು ದಿನದ ದಾರಿ?

ಪ್ರಶ್ನೆ: ರೈಲು, ಮೋಟಾರು ಬರುವ ಮೊದಲು ನಮ್ಮ ಸೀಮೆಯ ಜನಸಾಮಾನ್ಯರು ಬೆಂಗಳೂರಿಗೆ ಹೇಗೆ ಹೋಗುತ್ತಿದ್ದರು? ಎಷ್ಟು ದಿನ ಹಿಡಿಯುತ್ತಿತ್ತು?

ಉತ್ತರ: ಗಾಡಿಯಲ್ಲಾದರೆ ನಾಲ್ಕೈದು ದಿನ, ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು. ದಾರಿ ಸುಮಾರು 140 ಕಿಲೋಮೀಟರು. ಹೇರು ತುಂಬಿದ ಗಾಡಿ ಗಂಟೆಗೆ ಮೂರು ಕಿಲೋಮೀಟರು ಸಾಗಿದರೆ ಅದೇ ಹೆಚ್ಚು. ಎತ್ತುಗಳಿಗೆ ಮೇವು, ನೀರು, ಮೆಲುಕು ಹಾಕುವಷ್ಟು ವಿರಾಮ ಬೇಕೇ ಬೇಕಾದ್ದರಿಂದ ದಿನಕ್ಕೆ ಮೂವತ್ತು ಕಿಲೋಮೀಟರು, ಅಂದರೆ ಅಂದಿನವರ ಲೆಕ್ಕದಲ್ಲಿ ಆರು ಹರದಾರಿ, ಕ್ರಮಿಸಿದರೆ ಒಳ್ಳೆಯ ಪಯಣವೇ ಸರಿ. ಆದರೆ ಗಾಡಿಯಲ್ಲಿ ಕುಳಿತು ಹೋಗುವ ಅನುಕೂಲ ಎಲ್ಲರಿಗೂ ಇರಲಿಲ್ಲ. ಬಹುಪಾಲು ಜನ ಬುತ್ತಿಯ ಗಂಟು ಹೊತ್ತು ನಡೆದೇ ಹೋಗುತ್ತಿದ್ದರು. ಗಾಡಿ ಇದ್ದರೂ ಅದು ಮುದುಕರಿಗೆ, ಬಾಣಂತಿಯರಿಗೆ, ಮಕ್ಕಳಿಗೆ ಮತ್ತು ಸಾಮಾನಿಗೆ ಮೀಸಲು. ಪಲ್ಲಕ್ಕಿ, ಮೇನೆ, ಕುದುರೆ ಉಳ್ಳವರ ಪಾಲಿಗೆ.

ಪಯಣದ ವೇಗ, ತಂಗುದಾಣ, ಹೊರಡುವ ಹೊತ್ತು ಎಲ್ಲವನ್ನೂ ನಿರ್ಧರಿಸುತ್ತಿದ್ದದ್ದು ಎತ್ತು ಎಂಬುದನ್ನು ನಾವು ಮರೆಯಬಾರದು. ಬೇಸಿಗೆಯಲ್ಲಿ ಬಿಸಿಲು ತಾಳದೆಂದು ಬೆಳುದಿಂಗಳಲ್ಲಿ ಗಾಡಿ ಕಟ್ಟುತ್ತಿದ್ದರು; ಕಳ್ಳರ ಭಯಕ್ಕೆ ನಾಲ್ಕಾರು ಗಾಡಿಗಳು ಒಂದರ ಹಿಂದೊಂದು ಸಾಗುತ್ತಿದ್ದವು. ಗೊರಸು ಸವೆಯದಂತೆ ಲಾಳ ಕಟ್ಟಿಸದೆ ದೂರದ ದಾರಿಗೆ ಇಳಿಯುವಂತಿರಲಿಲ್ಲ. ಎತ್ತಿನದು ಸೀಳು ಗೊರಸಾದ್ದರಿಂದ ಕುದುರೆಗೆ ಕಟ್ಟುವ ಹಾಗೆ ಕಾಲಿಗೊಂದೇ ಲಾಳ ಸಾಲದು, ಎರಡು ಬಿಲ್ಲೆಗಳು ಬೇಕು. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಸೇರಿಸಿ ಬಿಗಿದು, ಗೊರಸನ್ನು ಹೆರೆದು ಸಮ ಮಾಡಿ, ಜೀವ ಇರುವ ಭಾಗಕ್ಕೆ ಮೊಳೆ ತಾಗದಂತೆ ಓರೆಯಾಗಿ ಹೊಡೆಯಬೇಕು. ಮೊಳೆ ಒಂದಿಷ್ಟು ಒಳಸರಿದರೆ ಎತ್ತು ಕುಂಟುತ್ತದೆ, ಇಡೀ ಸಂಸಾರ ದಾರಿಯಲ್ಲೇ ಉಳಿಯುತ್ತದೆ. ಈ ಕೈಚಳಕದ ಮೇಲೆ ಎಷ್ಟು ಮದುವೆ, ಸಂತೆ, ಜಾತ್ರೆಗಳು ನಿಂತಿದ್ದವೋ ಎಂದು ನೆನೆದಾಗ ಲಾಳ ಕಟ್ಟುವವರ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ.

ಮೈಸೂರಿನಿಂದ ಹೊರಟವರಿಗೆ ಮೊದಲ ತೊಡಕು ಶ್ರೀರಂಗಪಟ್ಟಣದಲ್ಲೇ ಎದುರಾಗುತ್ತಿತ್ತು, ಏಕೆಂದರೆ ಆ ದ್ವೀಪವನ್ನು ಹಾಯಲು ಕಾವೇರಿಯ ಎರಡು ಕವಲುಗಳನ್ನು ದಾಟಬೇಕು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ಹತ್ತಿರದಿಂದ ನೋಡಿದವರಿಗೆ ಅದು ಎಂಥ ನೆಮ್ಮದಿ ತಂದಿರಬೇಕೆಂಬುದು ಹೊಳೆಯುತ್ತದೆ. ಸೇತುವೆ ಇಲ್ಲದ ಕಡೆ ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲೇ ಗತಿ. ಹೊಳೆ ತುಂಬಿದರೆ ನೀರು ಇಳಿಯುವವರೆಗೆ ದಡದಲ್ಲೇ ಬೀಡು.

ಅಲ್ಲಿಂದ ಮುಂದೆ ಮಂಡ್ಯ, ಮದ್ದೂರು, ಚನ್ನಪಟ್ಟಣ. ಛತ್ರ, ಗುಂಡುತೋಪು, ಅರವಟ್ಟಿಗೆಗಳನ್ನು ಕಟ್ಟಿಸುವುದು ಪುಣ್ಯವೆಂಬ ನಂಬಿಕೆ ದಾರಿಹೋಕರ ಜೀವ ಕಾಯುತ್ತಿತ್ತು. ತಲೆಹೊರೆಯವರಿಗಾಗಿ ಹೊರೆಗಲ್ಲುಗಳಿದ್ದವು: ಎರಡು ನಿಲುವುಗಲ್ಲುಗಳ ಮೇಲೆ ತಲೆಯೆತ್ತರಕ್ಕೆ ಅಡ್ಡಲಾಗಿ ಇಟ್ಟ ಒಂದು ಚಪ್ಪಡಿ. ಒಂಟಿಯಾಗಿ ನಡೆಯುವವನು ಹೊರೆಯನ್ನು ನೆಲಕ್ಕಿಳಿಸಿದರೆ ಮತ್ತೆ ಎತ್ತಿಕೊಡಲು ಇನ್ನೊಬ್ಬರು ಬೇಕು. ಈ ಕಲ್ಲಿದ್ದರೆ ಯಾರ ಹಂಗೂ ಇಲ್ಲದೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಳ್ಳಬಹುದಿತ್ತು.

ಈ ವ್ಯವಸ್ಥೆ ಮುರಿದುಬಿದ್ದದ್ದು 1876ರಿಂದ 78ರವರೆಗಿನ, ಧಾತು ಮತ್ತು ಈಶ್ವರ ಸಂವತ್ಸರಗಳ ಹೆಸರಿನಿಂದ ಕರೆಯುವ ಧಾತು ಈಶ್ವರ ಬರದಲ್ಲಿ. ಮೇವಿಲ್ಲದೆ ಎತ್ತುಗಳೇ ಸಾಯತೊಡಗಿದಾಗ, ರೈಲಿನಲ್ಲಿ ಬೆಂಗಳೂರಿನವರೆಗೆ ಬಂದ ದವಸವನ್ನು ಒಳನಾಡಿನ ಹಸಿದ ಹಳ್ಳಿಗಳಿಗೆ ಸಾಗಿಸುವುದು ದುಸ್ತರವಾಯಿತು. ಬರ ಪರಿಹಾರದ ಕಾಮಗಾರಿಯಾಗಿ ಚುರುಕುಗೊಂಡ ಮೈಸೂರಿನ ರೈಲುದಾರಿ ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಂಬ ಅದೇ ಹಳೆಯ ಗಾಡಿದಾರಿಯ ಊರುಗಳನ್ನು ಹಾದು 1882ರಲ್ಲಿ ನಮ್ಮ ಊರನ್ನು ಮುಟ್ಟಿತು.