ಫೋನ್ ಆಮೇಲೆ ತೆಗೀರಿ, ಮೊದ್ಲು ಮಗೂನ ಕೇಳಿ

ಬೆಂಗಳೂರಲ್ಲಿ ಚೆಸ್ ಟೂರ್ನಮೆಂಟ್ ಮುಗಿಸ್ಕೊಂಡು ಸಂಜೆ ರೈಲಲ್ಲಿ ತುಮಕೂರಿಗೆ ವಾಪಸ್ ಬರ್ತಾ ಇರ್ತೀವಿ, ಇನ್ನೂ ಚಿಕ್ಕಬಾಣಾವರ ದಾಟಿರಲ್ಲ, ಅಷ್ಟ್ರಲ್ಲಿ ಯಾರೋ ಒಬ್ರು ಅಪ್ಪ ನಡೆಗಳನ್ನ ಬರ್ಕೊಂಡಿರೋ ಸ್ಕೋರ್‌ಶೀಟ್ ನೋಡ್ಕೊಂಡು ಇಡೀ ಆಟನ ಫೋನಿಗೆ ಹಾಕಿ ಆಗಿರುತ್ತೆ. "ಸರ್, 22ನೇ ಮೂವ್ ಬ್ಲಂಡರ್, ದೊಡ್ಡ ತಪ್ಪು ಅಂತೆ, ಅಲ್ಲೀವರ್ಗೂ ಚೆನ್ನಾಗೇ ಆಡಿದಾಳಂತೆ." ಅನಾಲಿಸಿಸ್ ಅಲ್ಲಿಗೆ ಮುಗೀತು. ಮಗಳು ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿರ್ತಾಳೆ.

ಪ್ರತಿ ಬ್ಯಾಚಿಗೂ ಹೇಳ್ತೀನಿ, ಮತ್ತೆ ಹೇಳ್ತೀನಿ. ಎಂಜಿನ್, ಅಂದ್ರೆ ಫೋನಲ್ಲಿ ಚೆಸ್ ಲೆಕ್ಕ ಹಾಕೋ ಪ್ರೋಗ್ರಾಮ್, ಹೇಳೋದು ಯಾವ ನಡೆ ತಪ್ಪು ಅಂತ. ನಿಮ್ಮ ಮಗು ಆ ನಡೆ ಯಾಕೆ ಆಡ್ತು ಅನ್ನೋದು ಅದಕ್ಕೆ ಗೊತ್ತಿಲ್ಲ. ಆ 'ಯಾಕೆ' ಸಿಗದೇ ಇದ್ರೆ ಮುಂದಿನ ಆಟದಲ್ಲಿ ಅದೇ ತಪ್ಪು ಬೇರೆ ಮನೇಲಿ, ಬೇರೆ ಕಾಯಲ್ಲಿ ಬರುತ್ತೆ, ನಿಮ್ಗೆ ಅದು ಹೊಸ ತಪ್ಪು ಅನ್ಸುತ್ತೆ.

ಆ ಹುಡುಗಿ ಆಟನೇ ತಗೊಳ್ಳಿ. 22ನೇ ನಡೇಲಿ ಅವಳ ಮಂತ್ರಿ ಹೆಚ್3 ಮನೆ ಕಾಯೋದು ಬಿಟ್ಟು ಬಿ7 ಮನೇಲಿದ್ದ ಪಾನ್ ತಿನ್ನೋಕೆ ಹೋಯ್ತು, ಹೆಚ್3ಗೆ ಎದುರಿನ ಮಂತ್ರಿ ಇಳಿದಿದ್ದೇ ಆಟ ಮುಗೀತು. ಎಂಜಿನ್ ಅಲ್ಲಿ ಕೆಂಪು ಗುರುತು ಹಾಕಿದೆ, ಸರಿನೇ. ಆದ್ರೆ ಹೆಚ್3ಗೆ ಕಾವಲು ಬೇಕಾಗಿದ್ದಾದ್ರೂ ಯಾಕೆ? 12ರಲ್ಲಿ ಅವಳು ಪಾನನ್ನ ಜಿ4ಗೆ ತಳ್ಳಿದ್ಲು, ರಾಜನ ಮುಂದಿನ ಗೋಡೆ ಅಲ್ಲೇ ಬಿದ್ದೋಯ್ತು. ಎಂಜಿನ್ ಅದಕ್ಕೆ ಒಂದು ಸಣ್ಣ ಹಳದಿ ಗುರುತು ಹಾಕಿ ಮುಂದೆ ಹೋಗಿತ್ತು. "ಜಿ4 ಯಾಕಮ್ಮ?" ಅಂತ ಕೇಳ್ದೆ. ಸುಮಾರು ಹೊತ್ತು ಸುಮ್ನಿದ್ದು, "ಅವನ ಒಂಟೆ ನನ್ ಕುದುರೇನ ಪಿನ್ ಮಾಡಿತ್ತು ಸರ್, ಸಿಟ್ಟು ಬಂತು" ಅಂದ್ಲು. ಪಿನ್ ಅಂದ್ರೆ ಕುದುರೆ ಕದಲಿದ್ರೆ ಅದರ ಹಿಂದಿರೋ ದೊಡ್ಡ ಕಾಯಿಗೆ ಏಟು. ಶೀಟಲ್ಲಿ ಟೈಮ್ ನೋಡಿದ್ರೆ ಜಿ4ಗೆ ಅರ್ಧ ನಿಮಿಷನೂ ತಗೊಂಡಿಲ್ಲ, ಅಲ್ಲಿಂದಾಚೆ ಒಂದೊಂದು ನಡೆಗೂ ಎಂಟು ಹತ್ತು ನಿಮಿಷ, ಅಂದ್ರೆ ಹೆದರ್ಕೊಂಡು ಆಡಿದಾಳೆ, 22 ಬರೋ ಹೊತ್ತಿಗೆ ಗಡಿಯಾರದಲ್ಲಿ ಏನೂ ಉಳಿದಿಲ್ಲ.

ಅದಕ್ಕೇ ನಮ್ಮ ಹುಡುಗ್ರು ನಡೆ ಪಕ್ಕ ಗಡಿಯಾರದ ಟೈಮ್ ಬರೀಲೇಬೇಕು. ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆಯ ನಿಯಮ ಅದಕ್ಕೆ ಒಪ್ಪುತ್ತೆ. ಯೋಚನೆಗಳನ್ನ ಮಾತ್ರ ಆಡೋವಾಗ ಬರಿಯೋ ಹಾಗಿಲ್ಲ, ಆಟ ಮುಗಿದ್ಮೇಲೆ ಪೆನ್ಸಿಲಲ್ಲಿ, ನೆನಪು ಹಸಿಯಾಗಿರೋವಾಗ್ಲೇ ಬರೀಬೇಕು. ಸಾಧ್ಯ ಆದ್ರೆ ಎದುರಾಳಿ ಮಗು ಜೊತೆನೇ ಕೂತು ಆಟನ ಇನ್ನೊಂದ್ಸಲ ಜೋಡಿಸಿ ನೋಡ್ಲಿ, ಅವನೇನು ಅಂದ್ಕೊಂಡಿದ್ದ ಅನ್ನೋದು ಬೇರೆಲ್ಲೂ ಸಿಗಲ್ಲ.

ದೊಡ್ಡೋರ ಆಟದಲ್ಲೂ ಇದೇ. 2024ರ ಡಿಸೆಂಬರಲ್ಲಿ ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿನ 14ನೇ ಆಟ, ಆಗ ಚಾಂಪಿಯನ್ ಆಗಿದ್ದ ಡಿಂಗ್ ಲಿರೆನ್ 55ನೇ ನಡೇಲಿ ಆನೇನ ಎಫ್2ಗೆ ಇಟ್ರು. ಎಲ್ರೂ ಅದೊಂದೇ ನಡೆ ಬಗ್ಗೆ ಮಾತಾಡಿದ್ರು. ಆನೆಗೆ ಆನೆ ಹೋದ್ರೆ ಆಟ ಹಗುರ ಆಗುತ್ತೆ, ಡ್ರಾ ಹತ್ರ ಬರುತ್ತೆ ಅಂತ ಯಾರಿಗಾದ್ರೂ ಅನ್ಸುತ್ತೆ. ಆದ್ರೆ ಅವರ ಒಂಟೆ ಎ8 ಮೂಲೇಲಿ ಕೂತಿತ್ತು. ಬೋರ್ಡ್ ಮೇಲೆ ಆನೆಗಳು ಇರೋವರ್ಗೂ ಅದರಿಂದ ತೊಂದ್ರೆ ಇರ್ಲಿಲ್ಲ, ಅವು ಹೋದ ತಕ್ಷಣ ಎದುರಾಳಿ ಗುಕೇಶ್ ತಮ್ಮ ಒಂಟೇನ ಡಿ5ಗೆ ತಂದು ನಿಲ್ಲಿಸಿದ್ರು, ಮೂಲೇಲಿರೋದಕ್ಕೆ ತಪ್ಪಿಸ್ಕೊಳ್ಳೋಕೆ ಜಾಗನೇ ಇಲ್ಲ, ಒಂಟೆಗಳೂ ಹೋಗಿ ರಾಜ ಮತ್ತೆ ಪಾನ್ ಅಷ್ಟೇ ಉಳಿದ್ವು, ಗುಕೇಶ್ ಹತ್ರ ಒಂದು ಪಾನ್ ಜಾಸ್ತಿ. ಎಫ್2 ತಪ್ಪು ಅಂತ ಬಾಯಿಪಾಠ ಮಾಡಿದ್ರೆ ಏನ್ ಬಂತು, ಮೂಲೇಲಿ ಕೂತ ಒಂಟೆ ಕಣ್ಣಿಗೆ ಬೀಳ್ಬೇಕು.

ಗುಕೇಶ್ 2019ರಲ್ಲಿ, 12ನೇ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆದ್ರು. ಆ ವರ್ಷಗಳಲ್ಲಿ ಅವರ ಕೋಚ್ ವಿಷ್ಣು ಪ್ರಸನ್ನ ಹೆಚ್ಚುಕಮ್ಮಿ ಎಂಜಿನ್ ಇಲ್ದೇನೇ ತಯಾರಿ ಮಾಡ್ಸಿದ್ರು. ಎಲ್ಲಾ ಮಕ್ಕಳಿಗೂ ಅದೇ ದಾರಿ ಅಂತ ನಾನು ಹೇಳಲ್ಲ, ಓಪನಿಂಗ್ ತಯಾರಿಗೆ, ಕೊನೇಲಿ ಒಂದ್ಸಲ ಚೆಕ್ ಮಾಡೋಕೆ ಸ್ಟಾಕ್‌ಫಿಶ್ ಅನ್ನೋ ಎಂಜಿನ್ ನಾನೂ ಬಳಸ್ತೀನಿ. ಆದ್ರೆ ಇನ್ನೂ ಕೆಳಗಿನ ರೇಟಿಂಗಲ್ಲಿರೋ ಮಗೂಗೆ ಎಂಜಿನ್ ಕೊಡೋ ಪ್ಲಸ್ 0.6, ಪ್ಲಸ್ 0.9 ಅಂಕಗಳ ವ್ಯತ್ಯಾಸ ತೋರ್ಸಿ ಬೈಬೇಡಿ, ದಯವಿಟ್ಟು. ಆ ವ್ಯತ್ಯಾಸ ಉಳಿಸ್ಕೊಳ್ಳೋಕೆ ಮುಂದೆ ಹತ್ತು ನಡೆ ತಪ್ಪಿಲ್ದೆ ಆಡ್ಬೇಕು, ಅದು ನನಗೂ ಕಷ್ಟ.

ಆ ಹುಡುಗಿ ಮುಂದಿನ ಭಾನುವಾರ ಶೀಟ್ ತಂದ್ಲು. ಜಿ4 ಪಕ್ಕದಲ್ಲಿ ಪೆನ್ಸಿಲಲ್ಲಿ 'ಸಿಟ್ಟು' ಅಂತ ಬರೆದು ಎರಡು ಗೆರೆ ಎಳೆದಿದ್ಲು. ಅದಾಗಿ ಮೂರು ವಾರಕ್ಕೆ ಇನ್ನೊಂದು ಆಟದಲ್ಲಿ ಅದೇ ಪಿನ್ ಬಂತು. ಆರು ನಿಮಿಷ ಯೋಚ್ನೆ ಮಾಡಿ ಒಂಟೇನ ಇ2ಗೆ ಇಟ್ಟಿದಾಳೆ. ಆ ಆಟನೂ ಸೋತ್ಲು, ಕೊನೇಲಿ ಪಾನ್ ಎಂಡ್‌ಗೇಮ್ ಗೊತ್ತಾಗ್ಲಿಲ್ಲ. ಅದನ್ನ ಈಗ ಶುರು ಮಾಡಿದೀವಿ.